ಎಂಜಿಬಿಯ ಜೋಡಿ ಎಸ್‌ಯು ಕಾರ್ಬುರೇಟರ್: ಬ್ಯಾಲೆನ್ಸ್ ನಿಲ್ಲದಿದ್ದರೆ ಎಲ್ಲಿ ನೋಡಬೇಕು

ಗಾಡಿ ಸ್ಟಾರ್ಟ್ ಆಗುತ್ತದೆ. ಆದರೆ ಐಡ್ಲಿಂಗ್ (ಕಾಲು ತೆಗೆದಾಗಿನ ಎಂಜಿನ್ ವೇಗ) ಒಮ್ಮೆ 600 ಆರ್‌ಪಿಎಂಗೆ ಇಳಿದರೆ ಇನ್ನೊಮ್ಮೆ 1,100ಕ್ಕೆ ಏರುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಬಾನೆಟ್ಟೇ ನಡುಗುತ್ತದೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಎಳೆಯುವುದಿಲ್ಲ, ಕಾರ್ಬುರೇಟರ್ ಬಾಯಿಂದ 'ಫಟ್' ಅಂತ ಒಂದು ಸದ್ದು ಬಂದು ಆಮೇಲೆ ಪಿಕಪ್ ಬರುತ್ತದೆ. ಜೋಡಿ ಕಾರ್ಬುರೇಟರ್ ಇರುವ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡ ಯಾರನ್ನೇ ಕೇಳಿ, ಇದನ್ನೇ ಹೇಳುತ್ತಾರೆ. ಜೊತೆಗೆ ಕಾರಣವನ್ನೂ ಅವರೇ ಹೇಳಿಬಿಡುತ್ತಾರೆ: "ಬ್ಯಾಲೆನ್ಸ್ ಹೋಗಿದೆ." ಅಂದರೆ ಎರಡೂ ಕಾರ್ಬುರೇಟರ್ ಗಾಳಿ-ಪೆಟ್ರೋಲ್ ಅನ್ನು ಸರಿಸಮ ಕೊಡುತ್ತಿಲ್ಲ.

ಇರಬಹುದು. ಆದರೆ ಸ್ಕ್ರೂ ತಾನಾಗಿ ತಿರುಗುವುದಿಲ್ಲ. ಒಮ್ಮೆ ಸರಿಯಾಗಿ ಹೊಂದಿಸಿದ ಎಸ್‌ಯು (ಹಳೆಯ ಬ್ರಿಟಿಷ್ ಬ್ರ್ಯಾಂಡ್) ಕಾರ್ಬುರೇಟರ್ ಸಾವಿರಾರು ಕಿಲೋಮೀಟರ್ ಹಾಗೇ ಇರುತ್ತದೆ. ಅದು ಕೆಟ್ಟಿದೆ ಅಂದರೆ ಬೇರೆ ಏನೋ ಬದಲಾಗಿದೆ. ಆ 'ಬೇರೆ ಏನೋ' ಸಿಗುವವರೆಗೆ ಸ್ಕ್ರೂ ತಿರುಗಿಸಿದರೆ ಒಂದು ದೋಷದ ಮೇಲೆ ಇನ್ನೊಂದು ಸೇರುತ್ತದೆ, ಅಷ್ಟೇ.

ಇಲ್ಲಿ ಬರೆಯುತ್ತಿರುವುದು ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಗ್ಗೆ. ಇಂಗ್ಲೆಂಡಿನ ಆಬಿಂಗ್‌ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಗಾಡಿ, ಒಟ್ಟು 5 ಲಕ್ಷಕ್ಕೂ ಜಾಸ್ತಿ. ಎಂಜಿನ್ 1,798 ಸಿಸಿಯ ಬಿ-ಸೀರೀಸ್. ಮೊದಲ ವರ್ಷಗಳಲ್ಲಿ ಅದರ ಮೇಲೆ ಒಂದೂವರೆ ಇಂಚಿನ ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್ ಇರುತ್ತಿದ್ದವು, 1970ರ ದಶಕದ ಆರಂಭದಲ್ಲಿ ಎಚ್‌ಐಎಫ್4 ಬಂದವು. ಅಮೆರಿಕಕ್ಕೆ ಹೋದ ಕೊನೆಯ ವರ್ಷಗಳ ಗಾಡಿಗಳಲ್ಲಿ ಮಾತ್ರ ಒಂದೇ ಕಾರ್ಬುರೇಟರ್ ಇದೆ, ಅವರಿಗೆ ಈ ತಲೆನೋವಿಲ್ಲ. ನಮ್ಮ ಅಂಬಾಸಿಡರ್‌ನ ಹಳೆಯ 1,489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಇದೇ ಬಿ-ಸೀರೀಸ್ ಮನೆತನದ್ದು. ಹಾಗಾಗಿ ಅಂಬಾಸಿಡರ್ ಬಿಚ್ಚಿ ಜೋಡಿಸಿದ ಹಿರಿಯ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ. ಎಂಜಿಬಿ ನೋಡಿರದಿದ್ದರೂ ಎಂಜಿನ್ ಅವರಿಗೆ ಹೊಸದಲ್ಲ.

ಮೊದಲು ನಾಲ್ಕೂ ಪ್ಲಗ್ ಬಿಚ್ಚಿ

ಯಾವ ಟೂಲ್ ತರುವ ಮೊದಲೂ ಇದನ್ನು ಮಾಡಿ. ಗಾಡಿಯನ್ನು ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ. ಯಾವುದು ಎಲ್ಲಿಂದ ಬಂತು ಅನ್ನುವ ಕ್ರಮ ತಪ್ಪದಂತೆ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿ. ರೇಡಿಯೇಟರ್ ಕಡೆಯದು ಒಂದನೆಯದು.

ಬಿ-ಸೀರೀಸ್ ಹೆಡ್‌ನಲ್ಲಿ ಗಾಳಿ ಒಳಗೆ ಹೋಗುವ ದಾರಿ ಎರಡೇ. ಮುಂದಿನ ಕಾರ್ಬುರೇಟರ್ 1 ಮತ್ತು 2ನೇ ಸಿಲಿಂಡರ್‌ಗೆ ಉಣಿಸುತ್ತದೆ, ಹಿಂದಿನದು 3 ಮತ್ತು 4ಕ್ಕೆ. ಇಷ್ಟು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. 1 ಮತ್ತು 2 ಎರಡೂ ಮಸಿ ಹಿಡಿದು, 3 ಮತ್ತು 4 ಎರಡೂ ಬಿಳಿಚಿಕೊಂಡಿದ್ದರೆ, ಮುಂದಿನ ಕಾರ್ಬುರೇಟರ್ ರಿಚ್ (ಪೆಟ್ರೋಲ್ ಜಾಸ್ತಿ), ಹಿಂದಿನದು ಲೀನ್ (ಪೆಟ್ರೋಲ್ ಕಡಿಮೆ). ಇದು ನಿಜವಾಗಿ ಕಾರ್ಬುರೇಟರ್ ಅಥವಾ ಆ ಕಡೆಯ ಏರ್ ಲೀಕ್ ವಿಷಯ. ಆದರೆ 3ನೆಯದು ಒಂದೇ ಕಪ್ಪಗಿದ್ದು ಉಳಿದ ಮೂರೂ ಚೆನ್ನಾಗಿದ್ದರೆ? ಒಂದೇ ಕಾರ್ಬುರೇಟರ್ ತನ್ನ ಎರಡು ಸಿಲಿಂಡರ್‌ಗಳಲ್ಲಿ ಒಂದಕ್ಕೆ ಮಾತ್ರ ಅಷ್ಟು ದೊಡ್ಡ ಭೇದ ಮಾಡಲಾರದು. ಆ ಪ್ಲಗ್, ಅದರ ವಯರ್, ಆ ವಾಲ್ವ್, ಆ ಸಿಲಿಂಡರ್‌ನ ಕಂಪ್ರೆಷನ್ ನೋಡಿ. ಕಾರ್ಬುರೇಟರ್ ತಂಟೆಗೆ ಹೋಗಲೇಬೇಡಿ.

ಹಾಗಂತ ಜೋಡಿ ಸಿಲಿಂಡರ್‌ಗಳ ಮಧ್ಯೆ ಬಣ್ಣ ಕೊಂಚವೂ ಬೇರೆ ಇರಬಾರದು ಅಂತಲ್ಲ. ಫೈರಿಂಗ್ ಆರ್ಡರ್ 1-3-4-2. ಹಿಂದಿನ ಕಾರ್ಬುರೇಟರ್‌ನಿಂದ ಮೊದಲು 3 ಎಳೆಯುತ್ತದೆ, ತಕ್ಷಣ 4 ಎಳೆಯುತ್ತದೆ, ಆಮೇಲೆ ಅಷ್ಟು ಹೊತ್ತು ಸುಮ್ಮನಿರುತ್ತದೆ. ಒಂದೇ ಬಾಗಿಲಿನಿಂದ ಬೆನ್ನುಬೆನ್ನಿಗೆ ಎಳೆಯುವಾಗ ಇಬ್ಬರಿಗೂ ಸರಿಸಮ ಸಿಗುವುದಿಲ್ಲ. ಸಣ್ಣ ವ್ಯತ್ಯಾಸ ಈ ಎಂಜಿನ್‌ನ ಹುಟ್ಟುಗುಣ.

ಕಾರ್ಬುರೇಟರ್ ಮುಟ್ಟುವ ಮೊದಲು

ಕಾರ್ಬುರೇಟರ್ ದೋಷಗಳಲ್ಲಿ ಮುಕ್ಕಾಲು ಪಾಲು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನಲ್ಲಿರುತ್ತವೆ ಅನ್ನುವುದು ಹಳೆ ಮೆಕ್ಯಾನಿಕ್‌ಗಳ ತಮಾಷೆ ಮಾತು. ತಮಾಷೆಯಾದರೂ ಸುಳ್ಳಲ್ಲ.

ಅದರೊಳಗಿನ ಪಾಯಿಂಟ್ ಗ್ಯಾಪ್ 14ರಿಂದ 16 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ 0.35ರಿಂದ 0.40 ಮಿ.ಮೀ. ಪ್ಲಗ್ ಗ್ಯಾಪ್ 25 ಥೌ. ಟೈಮಿಂಗ್ ಎಂಜಿನ್‌ನ ವರ್ಷದ ಮೇಲೆ ಬದಲಾಗುತ್ತದೆ. ಮೊದಲ ಎಂಜಿನ್‌ಗಳಿಗೆ ಸ್ಟ್ಯಾಟಿಕ್ (ಎಂಜಿನ್ ನಿಂತಿರುವಾಗ) 10 ಡಿಗ್ರಿ. ನಿಮ್ಮ ಎಂಜಿನ್ ನಂಬರ್ ನೋಡಿ ಅದರದ್ದೇ ಅಂಕಿ ಹಾಕಿ. ಡಿಸ್ಟ್ರಿಬ್ಯೂಟರ್ ಶಾಫ್ಟ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಬುಷ್ ಸವೆದಿದ್ದರೆ ಗ್ಯಾಪ್ ಒಂದೊಂದು ಸುತ್ತಿಗೆ ಒಂದೊಂದು ಥರ ಇರುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ, ಬೈಗುಳ ಮಾತ್ರ ಕಾರ್ಬುರೇಟರ್‌ಗೆ ಬೀಳುತ್ತದೆ. ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಬಾಯಲ್ಲಿಟ್ಟು ಎಳೆದು ನೋಡಿ. ಒಳಗಿನ ಪ್ಲೇಟ್ ಸರಿಯಬೇಕು, ನಾಲಿಗೆ ಅಡ್ಡ ಇಟ್ಟರೆ ಅಲ್ಲೇ ನಿಲ್ಲಬೇಕು. ಸುಮ್ನೆ ಗಾಳಿ ಬರುತ್ತಿದ್ದರೆ ಡಯಾಫ್ರಾಮ್ ಹರಿದಿದೆ.

ಟ್ಯಾಪೆಟ್ (ವಾಲ್ವ್ ಮೇಲಿನ ಸಂದು) 15 ಥೌ, ಎಂಜಿನ್ ತಣ್ಣಗಿದ್ದಾಗ. ಇದರಲ್ಲಿ ಒಂದು ಸುಲಭ ಲೆಕ್ಕ ಇದೆ. ಎಂಟು ವಾಲ್ವ್, ತೆರೆದದ್ದರ ಮತ್ತು ಹೊಂದಿಸುವುದರ ನಂಬರ್ ಕೂಡಿದರೆ 9. ಒಂದನೇ ವಾಲ್ವ್ ಪೂರ್ತಿ ತೆರೆದಾಗ 8ನೆಯದನ್ನು ಹೊಂದಿಸಿ, 3 ತೆರೆದಾಗ 6, ಹೀಗೆ. ಕಂಪ್ರೆಷನ್ ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಬರಬೇಕು. ಅಂಕಿ ಎಷ್ಟು ಅನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ. ಒಂದು ಸಿಲಿಂಡರ್ ಸೊರಗಿದ್ದರೆ ಆ ಎಂಜಿನ್ ಅನ್ನು ಯಾವ ಗೇಜ್ ಹಿಡಿದರೂ ಬ್ಯಾಲೆನ್ಸ್ ಮಾಡಲಾಗದು.

ಪಿಸ್ಟನ್ 'ಟಕ್' ಅನ್ನಬೇಕು

ಎಸ್‌ಯು ಒಳಗೆ ವಿಶೇಷ ಏನೂ ಇಲ್ಲ. ಬಟರ್‌ಫ್ಲೈ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ತಟ್ಟೆ) ತೆರೆದರೆ ಎಂಜಿನ್ ಎಳೆತ ಮೇಲಿನ ಗುಮ್ಮಟದಂಥ ಚೇಂಬರ್‌ಗೆ ತಲುಪುತ್ತದೆ, ಅದರೊಳಗಿನ ಪಿಸ್ಟನ್ (ಎಂಜಿನ್‌ನದ್ದಲ್ಲ, ಕಾರ್ಬುರೇಟರ್‌ನದೇ) ಮೇಲೇಳುತ್ತದೆ. ಪಿಸ್ಟನ್‌ಗೆ ಕಚ್ಚಿದ ಮೊನಚು ನೀಡಲ್, ಪೆಟ್ರೋಲ್ ಬರುವ ನಳಿಕೆಯಾದ ಜೆಟ್‌ನಿಂದ ಮೇಲೆ ಸರಿಯುತ್ತದೆ, ಸಂದು ಅಗಲವಾಗಿ ಪೆಟ್ರೋಲ್ ಜಾಸ್ತಿ ಬರುತ್ತದೆ. ಗಾಳಿಗೆ ತಕ್ಕಷ್ಟು ಪೆಟ್ರೋಲ್. ಎರಡೂ ಪಿಸ್ಟನ್ ಒಂದೇ ಥರ ಎದ್ದು ಒಂದೇ ಥರ ಇಳಿದರೆ ಮಾತ್ರ ಬ್ಯಾಲೆನ್ಸ್ ಅನ್ನುವ ಮಾತಿಗೆ ಅರ್ಥ.

ಏರ್ ಫಿಲ್ಟರ್ ತೆಗೆಯಿರಿ. ಚೇಂಬರ್ ಮೇಲಿನ ಡ್ಯಾಂಪರ್ (ಪಿಸ್ಟನ್ ದಿಢೀರನೆ ಏಳದಂತೆ ತಡೆಯುವ ಭಾಗ) ಕ್ಯಾಪ್ ಬಿಚ್ಚಿ. ಬಾಯಿಯೊಳಗೆ ಬೆರಳು ಹಾಕಿ ಪಿಸ್ಟನ್ ಮೇಲೆತ್ತಿ, ಬಿಡಿ. ಕೆಳಗಿನ ಬ್ರಿಡ್ಜ್ (ಜೆಟ್ ಇರುವ ಉಬ್ಬು ತಳ) ಮೇಲೆ ಬಿದ್ದು ಸ್ಪಷ್ಟವಾಗಿ 'ಟಕ್' ಅನ್ನಬೇಕು. ಮೆತ್ತಗೆ ಬಂದು ಕೂತರೆ, ಅಥವಾ ನಡುವೆ ತಡೆದರೆ, ಎರಡರಲ್ಲಿ ಒಂದು. ಚೇಂಬರ್ ಒಳಗೆ ಕೊಳೆ ಇದೆ, ಇಲ್ಲವೇ ನೀಡಲ್ ಜೆಟ್‌ನ ಅಂಚಿಗೆ ಉಜ್ಜುತ್ತಿದೆ. ಯಾವುದು ಅಂತ ತಿಳಿಯಲು ಜೆಟ್ ಅನ್ನು ಪೂರ್ತಿ ಕೆಳಗಿಳಿಸಿ ಮತ್ತೆ ಬಿಡಿ. ಕೆಳಗಿದ್ದಾಗಲೂ ಮೇಲಿದ್ದಾಗಲೂ ಸದ್ದು ಒಂದೇ ಇರಬೇಕು. ಜೆಟ್ ಮೇಲಿದ್ದಾಗ ಮಾತ್ರ ಮೆತ್ತಗಾದರೆ ಜೆಟ್ ನಡುಮಧ್ಯದಲ್ಲಿಲ್ಲ, ಸೆಂಟರ್ ಮಾಡಬೇಕು. ಹಳೆಯ ಗಟ್ಟಿ ನೀಡಲ್‌ಗೆ ಮಾತ್ರ ಇದು ಬೇಕು. ಸ್ಪ್ರಿಂಗ್ ಇರುವ, ಒಂದು ಕಡೆಗೆ ವಾಲಿಕೊಳ್ಳುವ ಹೊಸ ಬಗೆಯ ನೀಡಲ್‌ಗೆ ಬೇಡ.

ಚೇಂಬರ್ ಬಿಚ್ಚಿದರೆ ಎರಡು ವಿಷಯ ನೆನಪಿರಲಿ. ಪಿಸ್ಟನ್ ಮತ್ತು ಚೇಂಬರ್ ಕಾರ್ಖಾನೆಯಲ್ಲೇ ಜೋಡಿ ಮಾಡಿದವು. ಮುಂದಿನದರ ಪಿಸ್ಟನ್ ಹಿಂದಿನದಕ್ಕೆ ಹೋದರೆ ಆ ಗಾಡಿ ಮುಂದೆಂದೂ ನೆಟ್ಟಗಾಗುವುದಿಲ್ಲ. ಮೊದಲೇ ಗುರುತು ಹಾಕಿ. ಇನ್ನೊಂದು, ಎಮರಿ ಪೇಪರ್ ಹತ್ತಿರವೂ ತರಬೇಡಿ. ಥಿನ್ನರ್ ಅಥವಾ ಪೆಟ್ರೋಲ್‌ನಲ್ಲಿ ಅದ್ದಿದ ಬಟ್ಟೆ ಸಾಕು.

ಕೈಯಲ್ಲಿರುವಾಗಲೇ ನೀಡಲ್ ನೋಡಿ. ಎರಡರ ಮೇಲೂ ಒಂದೇ ಅಕ್ಷರ ಅಥವಾ ಅಂಕಿ ಕೊರೆದಿರಬೇಕು. ನೀಡಲ್‌ನ ಭುಜ ಪಿಸ್ಟನ್ ತಳಕ್ಕೆ ಸಮವಾಗಿ ಕೂತಿರಬೇಕು. ಸ್ಪ್ರಿಂಗ್ ತುದಿಯ ಬಣ್ಣವೂ ಎರಡರಲ್ಲಿ ಒಂದೇ, ಎಂಜಿಬಿಗೆ ಕೆಂಪು. ಐವತ್ತು ಅರವತ್ತು ವರ್ಷ ಹತ್ತಾರು ಕೈ ದಾಟಿ ಬಂದ ಗಾಡಿ, ಯಾರು ಯಾವ ಡಬ್ಬಿಯಿಂದ ಏನು ತೆಗೆದು ಹಾಕಿದ್ದಾರೋ ಹೇಳಲಾಗದು.

ಡ್ಯಾಂಪರ್‌ಗೆ ಎಸ್‌ಎಇ 20 ಎಣ್ಣೆ. ಪಿಸ್ಟನ್‌ನ ಟೊಳ್ಳು ಕಡ್ಡಿಯ ತುದಿಗಿಂತ ಅರ್ಧ ಇಂಚು ಮೇಲೆ ನಿಲ್ಲಬೇಕು. ಒಂದರಲ್ಲಿ ಎಣ್ಣೆ ಇದ್ದು ಇನ್ನೊಂದು ಒಣಗಿದ್ದರೆ, ಐಡ್ಲಿಂಗ್ ಚೆನ್ನಾಗಿರುತ್ತದೆ. ಆದರೆ ಕಾಲು ಒತ್ತಿದ ಕೂಡಲೇ ಒಣಗಿದ ಕಡೆಯ ಪಿಸ್ಟನ್ ಹಾರಿ ಮೇಲೆ ಹೋಗುತ್ತದೆ, ಆ ಕಡೆ ಒಂದು ಕ್ಷಣ ಲೀನ್ ಆಗಿ 'ಫಟ್' ಅನ್ನುತ್ತದೆ. ಮೇಲೆ ಹೇಳಿದ ಆ ಸದ್ದಿಗೆ ಇಷ್ಟು ಅಗ್ಗದ ಔಷಧಿ ಇರುವುದೂ ಉಂಟು. ಮೊದಲು ಎಣ್ಣೆ ನೋಡಿ.

ಕಳ್ಳ ಗಾಳಿ

ನನ್ನ ಪ್ರಕಾರ ಬ್ಯಾಲೆನ್ಸ್ ನಿಲ್ಲದ ಗಾಡಿಗಳಲ್ಲಿ ಅತಿ ದೊಡ್ಡ ಅಪರಾಧಿ ಇದೇ. ಬಟರ್‌ಫ್ಲೈ ಲೆಕ್ಕಕ್ಕೆ ಸಿಗದೆ ಒಳಗೆ ನುಗ್ಗುವ ಗಾಳಿ.

ಮೊದಲ ಜಾಗ ಬಟರ್‌ಫ್ಲೈ ಸ್ಪಿಂಡಲ್. ಐದು-ಹದಿನಾರನೇ ಇಂಚಿನ ಕಡ್ಡಿ, ಅಲ್ಯೂಮಿನಿಯಂ ಬಾಡಿಯೊಳಗೆ ದಶಕಗಟ್ಟಲೆ ತಿರುಗಿದೆ. ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ತಿಳಿಯುವಷ್ಟು ಲೂಸ್ ಇದ್ದರೆ ಗಾಳಿ ಹೋಗುತ್ತಿದೆ ಅಂತಲೇ ತಿಳಿಯಿರಿ. ಇಲ್ಲಿನ ತಮಾಷೆ ಏನೆಂದರೆ, ಪ್ರತಿಸಲ ಬಟರ್‌ಫ್ಲೈ ಮುಚ್ಚಿದಾಗ ಸ್ಪಿಂಡಲ್ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ನೀವು ಹೊಂದಿಸಿ, ಒಮ್ಮೆ ರೇಸ್ ಮಾಡಿ ಬಿಟ್ಟರೆ ಐಡ್ಲಿಂಗ್ 800 ಇದ್ದದ್ದು 950ಕ್ಕೆ ನಿಂತಿರುತ್ತದೆ. ಇನ್ನೊಮ್ಮೆ ರೇಸ್ ಮಾಡಿದರೆ 700. ಈ ಲಕ್ಷಣ ಕಂಡರೆ ಹೊಂದಿಸುವ ಕೆಲಸ ಅಲ್ಲಿಗೇ ನಿಲ್ಲಿಸಿ. ಹೊಸ ಸ್ಪಿಂಡಲ್ ಹಾಕಿ ನೋಡಿ. ಬಾಡಿಯೇ ಸವೆದಿದ್ದರೆ ಲೇತ್ ಕೆಲಸ ಬಲ್ಲವರ ಹತ್ತಿರ ಬುಷ್ ಹಾಕಿಸಬೇಕು. ಎರಡೂ ಬದಿಯ ತೂತು ಒಂದೇ ನೇರಕ್ಕೆ ಬರುವುದು ಮುಖ್ಯ, ಕೈ ಡ್ರಿಲ್ಲಿನಲ್ಲಿ ಆಗುವ ಕೆಲಸವಲ್ಲ.

ಎರಡನೆಯದು ಪ್ಯಾಕಿಂಗ್‌ಗಳು. ಮ್ಯಾನಿಫೋಲ್ಡ್ ಮತ್ತು ಹೆಡ್ ನಡುವೆ, ಕಾರ್ಬುರೇಟರ್ ಮತ್ತು ಇನ್ಸುಲೇಟರ್ ಬ್ಲಾಕ್ ನಡುವೆ. ಮೂರನೆಯದು ಪೈಪ್‌ಗಳು. ಬ್ರೇಕ್ ಸರ್ವೋ ಇರುವ ಗಾಡಿಯಲ್ಲಿ ಅದರ ಪೈಪ್, ಮೊದಲ ವರ್ಷಗಳ ಗಾಡಿಯಾದರೆ ಮ್ಯಾನಿಫೋಲ್ಡ್ ಮೇಲೆ ಕೂತ ಅಣಬೆ ಆಕಾರದ ಬ್ರೀದರ್ ವಾಲ್ವ್. ಅದರೊಳಗಿನ ರಬ್ಬರ್ ಹರಿದರೆ ಎರಡೂ ಕಾರ್ಬುರೇಟರ್ ಒಟ್ಟಿಗೆ ಲೀನ್ ಆಗುತ್ತವೆ. ಅನುಮಾನ ಬಂದ ಪೈಪನ್ನು ಇಕ್ಕಳದಲ್ಲಿ ಒತ್ತಿ ಹಿಡಿದು ಎಂಜಿನ್ ಸದ್ದು ಬದಲಾಗುತ್ತದಾ ಕೇಳಿ.

ಲೀಕ್ ಹುಡುಕಲು ಹಲವರು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ಎಂಜಿಬಿಯಲ್ಲಿ ಇದು ಬೇಡ. ಈ ಎಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಒಂದೇ ಕಡೆ, ಕಾರ್ಬುರೇಟರ್ ಕೆಳಗೇ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದೆ. ಬಟ್ಟೆ ಇಸ್ತ್ರಿಗೆ ಬಳಸುವ ನೀರಿನ ಸ್ಪ್ರೇ ಬಾಟಲಿ ಸಾಕು. ಡಿಸ್ಟ್ರಿಬ್ಯೂಟರ್ ಹೇಗೂ ಆಚೆ ಬದಿಯಲ್ಲಿದೆ. ಒಂದೊಂದೇ ಜಾಯಿಂಟ್‌ಗೆ ಸಣ್ಣಗೆ ಹೊಡೆಯಿರಿ. ಲೀಕ್ ಇದ್ದ ಜಾಗಕ್ಕೆ ನೀರು ತಾಗಿದ ಕೂಡಲೇ ಸದ್ದು ಒಂದು ಗಳಿಗೆ ಬದಲಾಗುತ್ತದೆ. ಹತ್ತಿರದಲ್ಲೊಂದು ಫೈರ್ ಎಕ್ಸ್‌ಟಿಂಗ್ವಿಷರ್ ಇರಲಿ, ಇದು ಎಲ್ಲ ಹಂತಕ್ಕೂ ಅನ್ವಯಿಸುವ ಮಾತು.

ಪರಿಚಯದವರೊಬ್ಬರ ಗಾಡಿಯಲ್ಲಿ ನೋಡಿದ್ದು ಇನ್ನೊಂದು ಬಗೆ. ಎಲ್ಲೋ ಕಾರ್ಬುರೇಟರ್ ಬಿಚ್ಚಿಸಿ, ತೊಳೆಸಿ, ಹೊಳೆಯುವಂತೆ ಮಾಡಿಸಿಕೊಂಡು ತಂದಿದ್ದರು. ಐಡ್ಲಿಂಗ್ 1,300ಕ್ಕಿಂತ ಕೆಳಗೆ ಬರುತ್ತಲೇ ಇಲ್ಲ. ಅಂಬಾಸಿಡರ್ ಕಾಲದ ಮೆಕ್ಯಾನಿಕ್ ಒಬ್ಬರು ಬಂದು, ಮಾತಾಡದೆ ಎರಡೂ ಐಡಲ್ ಸ್ಕ್ರೂ ಪೂರ್ತಿ ಹೊರಗೆ ಬಿಚ್ಚಿದರು. ಎಂಜಿನ್ ನಿಲ್ಲಲಿಲ್ಲ.

"ನೋಡಿ ಸರ್, ಸ್ಕ್ರೂ ಕೆಲಸದಲ್ಲೇ ಇಲ್ಲ. ಆದ್ರೂ ಓಡ್ತಾ ಇದೆ. ಗಾಳಿ ಎಲ್ಲಿಂದ ಬರ್ತಿದೆ ಹೇಳಿ?"

"ಪ್ಯಾಕಿಂಗ್ ಇರಬೇಕಾ ಅಣ್ಣ?"

"ಪ್ಯಾಕಿಂಗ್ ಆದ್ರೆ ಎಂಜಿನ್ ಉಸಿರು ಇಲ್ಲಿ ಕೇಳಲ್ಲ. ಇದು ಬಾಯಿಂದಲೇ ಹೋಗ್ತಿದೆ."

ಹಿಂದಿನ ಕಾರ್ಬುರೇಟರ್ ಬಾಯಿಗೆ ಅಂಗೈ ಅಡ್ಡ ಹಿಡಿದರು. ಎಂಜಿನ್ ಕುಸಿಯಿತು. ಕಾರ್ಬುರೇಟರ್ ಇಳಿಸಿ, ಬಟರ್‌ಫ್ಲೈ ಮುಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟರು. ಒಂದು ಬದಿಯಲ್ಲಿ ಉಗುರು ಚಂದ್ರದಷ್ಟು ಬೆಳಕು. ತೊಳೆದವರು ಬಟರ್‌ಫ್ಲೈಯನ್ನು ಓರೆಯಾಗಿ ಕೂರಿಸಿ ಬಿಗಿದಿದ್ದರು. ಎರಡು ಪುಟ್ಟ ಹಿತ್ತಾಳೆ ಸ್ಕ್ರೂ ಸಡಿಲಿಸಿ, ಬಟರ್‌ಫ್ಲೈಯನ್ನು ಒಂದೆರಡು ಸಲ ಪಟಪಟ ಮುಚ್ಚಿದರೆ ಅದು ತಾನೇ ಸರಿಯಾಗಿ ಕೂರುತ್ತದೆ. ಆಮೇಲೆ ಹೊಸ ಸ್ಕ್ರೂ ಹಾಕಿ ಬಿಗಿಯಬೇಕು. ಅವುಗಳ ತುದಿ ಸೀಳಿರುತ್ತದೆ, ಬಿಗಿದ ಮೇಲೆ ಆ ಸೀಳನ್ನು ಅಗಲಿಸಬೇಕು. ಇಲ್ಲದಿದ್ದರೆ ಯಾವತ್ತಾದರೂ ಸಡಿಲಾಗಿ ಸೀದಾ ಸಿಲಿಂಡರ್‌ಗೆ ಹೋಗುತ್ತದೆ.

ಕೆಲವು ಗಾಡಿಗಳ ಬಟರ್‌ಫ್ಲೈ ಮೇಲೇ ಒಂದು ಪುಟಾಣಿ ಸ್ಪ್ರಿಂಗ್ ವಾಲ್ವ್ ಇರುತ್ತದೆ. ಹೊಗೆ ಕಾನೂನು ಬಂದ ಮೇಲೆ ಸೇರಿಸಿದ್ದು. ಸ್ಪ್ರಿಂಗ್ ಸೋತರೆ ಲಕ್ಷಣ ಇದೇ, ಐಡ್ಲಿಂಗ್ ಇಳಿಯುವುದಿಲ್ಲ. ವಾಲ್ವ್ ಇಲ್ಲದ ಸಾದಾ ಬಟರ್‌ಫ್ಲೈ ಹಾಕಿದರೆ ಮುಗಿಯಿತು.

ಗಾಳಿ ಮೊದಲು, ಪೆಟ್ರೋಲ್ ಆಮೇಲೆ

ಇಷ್ಟೆಲ್ಲ ಸರಿ ಇದ್ದರೆ ಈಗ ಸ್ಕ್ರೂ ಡ್ರೈವರ್ ಹಿಡಿಯಬಹುದು. ಎಂಜಿನ್ ಪೂರ್ತಿ ಬಿಸಿ ಇರಬೇಕು. ಎರಡು ಕಾರ್ಬುರೇಟರ್‌ಗಳನ್ನು ಕೂಡಿಸುವ ಕಡ್ಡಿಗಳ ಕ್ಲಾಂಪ್‌ಗಳನ್ನು ಸಡಿಲಿಸಿ, ಆಕ್ಸಿಲರೇಟರ್‌ದೂ ಚೋಕ್‌ದೂ ಎರಡೂ. ಇದನ್ನು ಬಿಟ್ಟು ಮುಂದೆ ಹೋದರೆ ಮುಂದಿನ ಸ್ಕ್ರೂ ತಿರುಗಿಸಿದಾಗ ಹಿಂದಿನ ಬಟರ್‌ಫ್ಲೈ ಕೂಡ ಏಳುತ್ತದೆ, ನೀವು ಸಂಜೆವರೆಗೂ ಒಂದರ ಹಿಂದೆ ಒಂದು ಓಡಾಡುತ್ತಿರುತ್ತೀರಿ.

ಶುರುವಿನ ಜಾಗ ಹೀಗೆ. ಎರಡೂ ಐಡಲ್ ಸ್ಕ್ರೂ ಹೊರಗೆ ತಂದು, ಮುಟ್ಟುವಷ್ಟಕ್ಕೆ ಒಳಗೆ ತಿರುಗಿಸಿ, ಅಲ್ಲಿಂದ ಒಂದು ಸುತ್ತು. ಎಚ್‌ಎಸ್4 ಆದರೆ ಜೆಟ್ ಕೆಳಗಿನ ನಟ್ ಪೂರ್ತಿ ಮೇಲೆ ತಿರುಗಿಸಿ ಜೆಟ್ ತುದಿ ಬ್ರಿಡ್ಜ್‌ಗೆ ಸಮ ಬರಲಿ. ಅಲ್ಲಿಂದ 12 ಫ್ಲ್ಯಾಟ್ ಕೆಳಗೆ, ಅಂದರೆ ನಟ್‌ನ ಆರು ಮುಖದ ಲೆಕ್ಕದಲ್ಲಿ ಎರಡು ಸುತ್ತು. ಸಮ ಬಂದಿತೋ ಇಲ್ಲವೋ ಅಂತ ಕಣ್ಣಳತೆ ಬೇಡ, ಪಿಸ್ಟನ್ ತೆಗೆದು ವರ್ನಿಯರ್ ಕ್ಯಾಲಿಪರ್‌ನ ಬಾಲದಿಂದ ಎರಡೂ ಕಡೆ ಅಳೆಯಿರಿ.

ಗಾಳಿ ಅಳೆಯಲು ಮೀಟರ್ ಇದ್ದರೆ ಒಳ್ಳೆಯದು. ಮುಳ್ಳು ತೋರಿಸುವ ಸಿಂಕ್ರೋಮೀಟರ್ ನನಗೆ ಇಷ್ಟ. ಗಾಜಿನ ನಳಿಕೆಯಲ್ಲಿ ಗುಂಡು ತೇಲುವ ಯುನಿಸಿನ್ ಬಗೆಯದು ಗಾಳಿಯನ್ನೇ ತಡೆಯುತ್ತದೆ, ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಎಂಜಿನ್ ಕುಗ್ಗಿ ಲೆಕ್ಕ ತಪ್ಪುತ್ತದೆ. ಎರಡೂ ಇಲ್ಲವಾ? ಎರಡಡಿ ರಬ್ಬರ್ ಪೈಪ್ ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. ಕುಕ್ಕರ್ ಸೀಟಿ ಹೊಡೆಯುವ ಮೊದಲು ಬರುತ್ತದಲ್ಲ, ಆ ಥರ 'ಸುಸ್' ಕೇಳುತ್ತದೆ. ಪೈಪ್ ತುದಿ ಎರಡೂ ಬಾಯಲ್ಲಿ ಒಂದೇ ಜಾಗಕ್ಕೆ ಹಿಡಿಯಬೇಕು, ಒಂದಿಷ್ಟು ಆಚೀಚೆ ಆದರೂ ಸದ್ದು ಬೇರೆ. ಎರಡರ ಸದ್ದೂ ಒಂದೇ ಆಗುವವರೆಗೆ ಐಡಲ್ ಸ್ಕ್ರೂ ತಿರುಗಿಸಿ. ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಿ, ಐಡ್ಲಿಂಗ್ 800ರ ಆಸುಪಾಸಿನಲ್ಲಿರಲಿ.

ಈಗ ಪೆಟ್ರೋಲ್. ಚೇಂಬರ್ ಕೆಳಗೆ, ಬಾಡಿಯ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸಣ್ಣ ಪಿನ್ ಇದೆ. ಮೇಲೊತ್ತಿದರೆ ಮೊದಲು ಸ್ವಲ್ಪ ಖಾಲಿ ಸರಿಯುತ್ತದೆ, ಆಮೇಲೆ ಪಿಸ್ಟನ್‌ಗೆ ತಾಗಿದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಮುಕ್ಕಾಲು ಮಿಲಿಮೀಟರ್ ಅಷ್ಟೇ ಎತ್ತಿ. ಜಾಸ್ತಿ ಎತ್ತಿದರೆ ಯಾವ ಎಂಜಿನ್ ಆದರೂ ಕುಸಿಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಎಂಜಿನ್ ವೇಗ ಒಂದು ಗಳಿಗೆ ಏರಿ ಮತ್ತೆ ಮೊದಲಿನಂತಾದರೆ ಸರಿ ಇದೆ. ಏರಿ ಹಾಗೇ ನಿಂತರೆ ರಿಚ್. ತಕ್ಷಣ ಕುಸಿದರೆ ಲೀನ್. ನಟ್ ಮೇಲೆ ಹೋದರೆ ಲೀನ್ ಕಡೆಗೆ, ಕೆಳಗೆ ಬಂದರೆ ರಿಚ್ ಕಡೆಗೆ. ಒಂದು ಸಲಕ್ಕೆ ಒಂದೇ ಫ್ಲ್ಯಾಟ್. ಎಚ್‌ಐಎಫ್ ಆದರೆ ಪಕ್ಕದ ಸ್ಕ್ರೂ, ಬಲಕ್ಕೆ ತಿರುಗಿಸಿದರೆ ರಿಚ್.

ಸೈಲೆನ್ಸರ್ ಸದ್ದನ್ನೂ ಕೇಳಿ. ಲೀನ್ ಆಗಿದ್ದರೆ ಮಿಸ್ಸಿಂಗ್‌ಗೆ ಲಯ ಇರುವುದಿಲ್ಲ, ಆಗಾಗ ನೀರು ಚಿಮ್ಮಿದಂಥ ಸದ್ದು, ಹೊಗೆಗೆ ಬಣ್ಣ ಇಲ್ಲ. ರಿಚ್ ಆಗಿದ್ದರೆ ಮಿಸ್ಸಿಂಗ್ ಲಯಬದ್ಧ, ಹೊಗೆ ಕಪ್ಪು. ಮೂರು ನಿಮಿಷಕ್ಕಿಂತ ಜಾಸ್ತಿ ಹೊತ್ತು ಐಡ್ಲಿಂಗ್‌ನಲ್ಲೇ ಬಿಟ್ಟು ಹೊಂದಿಸಬೇಡಿ. ನಡುವೆ 2,500ಕ್ಕೆ ಏರಿಸಿ ಸ್ವಲ್ಪ ಹೊತ್ತು ಹಿಡಿದು ಒಳಗೆ ನಿಂತ ಪೆಟ್ರೋಲ್ ಬಸಿದು ಹೋಗಲಿ. ಪೆಟ್ರೋಲ್ ಬದಲಾದಾಗ ಐಡ್ಲಿಂಗ್ ಬದಲಾಗುತ್ತದೆ, ಹಾಗಾಗಿ ಗಾಳಿ ಮತ್ತೆ ನೋಡಬೇಕು. ಎರಡು ಮೂರು ಸುತ್ತು ಬೇಕೇ ಬೇಕು.

ಎಷ್ಟು ತಿರುಗಿಸಿದರೂ ಒಂದು ಕಾರ್ಬುರೇಟರ್ ರಿಚ್ ಆಗಿಯೇ ಇದ್ದರೆ ನಟ್ ಬಿಡಿ. ಜೆಟ್ ಕೆಳಗೆ ಬೆರಳಿಟ್ಟು ಮೇಲೆ ಒತ್ತಿ. ಚೂರು ಮೇಲೆ ಸರಿದರೆ ಚೋಕ್ ಒಳಗೆ ತಳ್ಳಿದ ಮೇಲೂ ಜೆಟ್ ವಾಪಸ್ ಬಂದಿಲ್ಲ ಅಂತ ಅರ್ಥ. ಕೇಬಲ್ ಬಿಗಿ ಇರಬಹುದು, ಜೆಟ್ ಒಣಗಿ ಹಿಡಿದಿರಬಹುದು. ಅದೂ ಅಲ್ಲದಿದ್ದರೆ ಫ್ಲೋಟ್, ಅಂದರೆ ಡಬ್ಬಿಯೊಳಗೆ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ಭಾಗ. ಆ ಡಬ್ಬಿಯ ಮುಚ್ಚಳ ತಲೆಕೆಳಗೆ ಹಿಡಿದರೆ ಫ್ಲೋಟ್ ಮತ್ತು ಮುಚ್ಚಳದ ನಡುವೆ ಎಂಟನೇ ಒಂದು ಇಂಚಿನ ಡ್ರಿಲ್ ಬಿಟ್ ಕೂರಬೇಕು. ಫ್ಲೋಟ್ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ತೂತು ಬಿದ್ದಿದೆ.

ಐಡ್ಲಿಂಗ್ ಸರಿ, ರೋಡಿನಲ್ಲಿ ಸರಿ ಇಲ್ಲ

ಇದು ತುಂಬಾ ಜನರನ್ನು ಕಾಡುವ ಘಟ್ಟ. ಐಡ್ಲಿಂಗ್‌ನಲ್ಲಿ ಎರಡೂ ಸಮ. 1,500ಕ್ಕೆ ಏರಿಸಿ ಅಳೆದರೆ ಒಂದು ಮುಂದೆ, ಒಂದು ಹಿಂದೆ. ಐಡಲ್ ಸ್ಕ್ರೂಗೂ ಇದಕ್ಕೂ ಸಂಬಂಧವಿಲ್ಲ. ಸಡಿಲಿಸಿದ ಕ್ಲಾಂಪ್‌ಗಳನ್ನು ಬಿಗಿದ ರೀತಿ ತಪ್ಪಿದೆ.

ಕೂಡಿಸುವ ಕಡ್ಡಿಯ ಎರಡೂ ತುದಿಯಲ್ಲಿ ಒಂದೊಂದು ಪಿನ್ ಇದೆ. ಅದು ಕಾರ್ಬುರೇಟರ್‌ನ ಕವಲು ಲಿವರ್ ಒಳಗೆ ಕೂರುತ್ತದೆ. ಕಾಲು ತೆಗೆದಾಗ ಪಿನ್ ಕವಲಿನ ಕೆಳಗಿನ ಅಂಚಿಗೆ ತಾಗಬಾರದು, ಕೂದಲೆಳೆಯಷ್ಟು ಸಂದು ಬೇಕು, ಸುಮಾರು 6 ಥೌ. ಎರಡೂ ಕಡೆ ಒಂದೇ ಸಂದು. ಹಾಗಿದ್ದರೆ ಕಾಲು ಒತ್ತಿದಾಗ ಎರಡೂ ಬಟರ್‌ಫ್ಲೈ ಒಂದೇ ಕ್ಷಣಕ್ಕೆ ಏಳುತ್ತವೆ. ಫೀಲರ್ ಗೇಜ್ ಹಾಕಿ ಬಿಗಿಯಿರಿ, ಬಿಗಿಯುವಾಗ ಕಡ್ಡಿ ತಿರುಗದಂತೆ ಹಿಡಿದುಕೊಳ್ಳಿ. ಆಮೇಲೆ 1,500ರಲ್ಲಿ ಮತ್ತೆ ಅಳೆಯಿರಿ. ಚೋಕ್ ಕಡ್ಡಿಗೂ ಇದೇ ನಿಯಮ, ಎರಡೂ ಜೆಟ್ ಒಟ್ಟಿಗೆ ಇಳಿಯಲು ಶುರುವಾಗಬೇಕು.

ಲಿಂಕೇಜ್ ಸರಿ ಇದ್ದೂ ರೋಡಿನಲ್ಲಿ ಎಳೆಯದಿದ್ದರೆ ಏರ್ ಫಿಲ್ಟರ್ ಪ್ಯಾಕಿಂಗ್ ನೋಡಿ. ಕಾರ್ಬುರೇಟರ್ ಮುಖದಲ್ಲಿ ಬೋಲ್ಟ್ ತೂತುಗಳ ಜೊತೆ ಸಣ್ಣ ಗಾಳಿ ತೂತುಗಳಿವೆ, ಪಿಸ್ಟನ್ ಕೆಳಭಾಗಕ್ಕೆ ಹೊರಗಿನ ಗಾಳಿ ಕೊಡುವವು. ಪ್ಯಾಕಿಂಗ್ ತಲೆಕೆಳಗಾಗಿ ಕೂತರೆ ಅವು ಮುಚ್ಚಿಹೋಗುತ್ತವೆ. ಫಿಲ್ಟರ್ ಬಿಚ್ಚಿ ಹೊಂದಿಸುವಾಗ ಗಾಡಿ ಚಿನ್ನದಂತಿರುತ್ತದೆ, ಫಿಲ್ಟರ್ ಹಾಕಿದ ಮೇಲೆ ಕೆಡುತ್ತದೆ. ಕಾರಣ ಗೊತ್ತಿಲ್ಲದವರು ಫಿಲ್ಟರ್ ಇಲ್ಲದೇ ಓಡಿಸುತ್ತಾರೆ. ನಮ್ಮ ಧೂಳಿಗೆ ಅದು ಪಿಸ್ಟನ್ ರಿಂಗ್‌ಗಳನ್ನು ಬೇಗ ತಿನ್ನುತ್ತದೆ.

ನಮ್ಮ ಕಡೆ ಓಡಿಸುವವರಿಗೆ

ಕೈಪಿಡಿಯ ಅಂಕಿಗಳು 1960ರ ಇಂಗ್ಲೆಂಡಿನ ಪೆಟ್ರೋಲ್‌ಗೆ, ಅಲ್ಲಿನ ಹವೆಗೆ. ಈಗ ನಮ್ಮ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್‌ಗೆ ಎಂಜಿನ್ ಲೀನ್ ಆಗುತ್ತದೆ. ಶುರುವಿನ 12 ಫ್ಲ್ಯಾಟ್‌ನಿಂದ ಒಂದೆರಡು ಕೆಳಗೆ ಬಂದು ನಿಂತರೆ ಗಾಬರಿ ಬೇಡ. ಹಳೆಯ ರಬ್ಬರ್ ಪೈಪ್‌ಗಳನ್ನೂ ಎಥನಾಲ್ ಮೆತ್ತಗೆ ಮಾಡುತ್ತದೆ. ಅವುಗಳ ಪುಡಿ ಫ್ಲೋಟ್ ವಾಲ್ವ್‌ಗೆ ಸಿಕ್ಕಿಕೊಂಡು ಒಂದು ಕಾರ್ಬುರೇಟರ್ ಮಾತ್ರ ಉಕ್ಕಿ ಹರಿದರೆ, ಅದು ಬೀಳುವುದು ಕಾದ ಎಕ್ಸಾಸ್ಟ್ ಮೇಲೆ. ಇ20ಗೆ ತಡೆಯುವ ಪೈಪ್ ಹಾಕಿಸುವುದನ್ನು ಮುಂದೂಡಬೇಡಿ.

ಎತ್ತರದ ಲೆಕ್ಕವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು, ಎಂಜಿನ್ ಸ್ವಲ್ಪ ರಿಚ್ ಆಗುತ್ತದೆ. ಇಲ್ಲಿ ಹೊಂದಿಸಿದ ಗಾಡಿಯನ್ನು ಘಟ್ಟ ಇಳಿಸಿ ಮಂಗಳೂರಿಗೆ ಒಯ್ದರೆ ಲೀನ್ ಕಡೆಗೆ ವಾಲುತ್ತದೆ. ಅಲ್ಲಿ ಸೆಕೆ ಬೇರೆ. ನಾನಾದರೆ ಬೆಂಗಳೂರಿನಲ್ಲಿ ಪಿನ್ ಎತ್ತಿದಾಗ ವೇಗ ಸ್ವಲ್ಪ ಜಾಸ್ತಿ ಹೊತ್ತು ಏರಿ ನಿಲ್ಲುವಷ್ಟು, ಅಂದರೆ ಒಂದು ಎಳೆ ರಿಚ್ ಕಡೆಗೇ ಬಿಡುತ್ತೇನೆ. ರಿಚ್ ಆದರೆ ಪೆಟ್ರೋಲ್ ದುಡ್ಡು ಹೋಗುತ್ತದೆ. ಲೀನ್ ಆಗಿ ಘಟ್ಟ ಏರಿದರೆ ವಾಲ್ವ್ ಸುಡುತ್ತದೆ.

ಕೊನೆಯ ಪರೀಕ್ಷೆ ರೋಡಿನಲ್ಲೇ. ಬಿಸಿ ಎಂಜಿನ್‌ನಲ್ಲಿ, ಖಾಲಿ ರಸ್ತೆಯಲ್ಲಿ, ಮೂರನೇ ಗೇರ್‌ನಲ್ಲಿ ಕೆಲವು ಕಿಲೋಮೀಟರ್ ಚೆನ್ನಾಗಿ ಎಳೆಸಿ. ಹಾಗೇ ಇಗ್ನಿಷನ್ ಆಫ್ ಮಾಡಿ ಕ್ಲಚ್ ಒತ್ತಿ ಪಕ್ಕಕ್ಕೆ ನಿಲ್ಲಿಸಿ. ಕೀಲಿಯನ್ನು ಲಾಕ್ ಕಡೆಗೆ ಮಾತ್ರ ತಿರುಗಿಸಬೇಡಿ, ಸ್ಟೀರಿಂಗ್ ಲಾಕ್ ಇರುವ ಗಾಡಿಗಳಿವೆ. ತಣಿದ ಮೇಲೆ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ನೋಡಿ. ಇಂದಿನ ಪೆಟ್ರೋಲ್‌ನಲ್ಲಿ ಹಳೆಯ ಪುಸ್ತಕಗಳು ಹೇಳುವ ಬಿಸ್ಕತ್ ಬಣ್ಣ ಸಿಗುವುದು ಕಷ್ಟ, ಅದಕ್ಕಿಂತ ತಿಳಿಯಾಗಿರುತ್ತದೆ. ಮುಂದಿನ ಜೋಡಿ, ಹಿಂದಿನ ಜೋಡಿ ಒಂದೇ ಥರ ಕಂಡರೆ ಕ್ಲಾಂಪ್‌ಗಳನ್ನು ಇನ್ನೊಮ್ಮೆ ಬಿಗಿದು ನೋಡಿ, ಡ್ಯಾಂಪರ್ ಕ್ಯಾಪ್ ಬಿಗಿಯಾಗಿವೆಯಾ ನೋಡಿ, ಬಾನೆಟ್ ಮುಚ್ಚಿ.